ಬೂದಿಗವಿಯ ನಾಲ್ಕನೇ ಪದರ

ಕಳೆದ ತಿಂಗಳು, ನಾನಿದ್ದ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮಧುಗಿರಿಯ ನಮ್ಮ ಮನೆಗೆ ಬಂದಿದ್ದರು. ಅಗೆತದ ಜಾಗದಲ್ಲಿ ನಕ್ಷೆ ತೆಗೆಯುವವರು ಮುಖ್ಯವಾಗಿ ಏನು ಕಲಿಯಬೇಕು ಎಂದು ಕೇಳಿದರು. ಪೆನ್ಸಿಲ್ ಚೂಪಾಗಿರಬೇಕು ಎಂದೆ. ಇಬ್ಬರೂ ಬರೆದುಕೊಂಡರು. ಕಾಫಿ ಕುಡಿದು, ಕೋಟೆ ಬೆಟ್ಟದ ಎದುರು ನಿಂತು ಫೋಟೋ ತೆಗೆಸಿಕೊಂಡು ಹೋದರು. ಅವರು ಹೋದ ಮೇಲೆ ನನ್ನ ಉತ್ತರ ಅರ್ಧ ಎನಿಸಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪುರಾತತ್ವದ ಕೆಲಸದಲ್ಲಿ ನಕ್ಷೆಗಾರನಾಗಿದ್ದೆ. ನೆಲ ಅಗೆಯುವವರು ಅಗೆಯುತ್ತಾರೆ, ಸಾಹೇಬರು ನೋಡುತ್ತಾರೆ, ಕಂಡದ್ದನ್ನು ನಾನು ಗ್ರಾಫ್ ಹಾಳೆಯ ಮೇಲೆ ಅಳತೆಗೆ ಸರಿಯಾಗಿ ಇಳಿಸುತ್ತೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಒಂದು ಸಲ ಆಯಿತು. ಕುರ್ಚಿ ಅದೇ ಇತ್ತು.

ಮೊದಲ ಪಾಠ ಸಿರಾದಲ್ಲಾಯಿತು. ಅಲ್ಲಿನ ಒಂದು ಹಳೆಯ ಗೋರಿಯ ಕಮಾನು ಅರ್ಧ ಬಿದ್ದಿತ್ತು. ಬಲಭಾಗ ಇತ್ತು, ಎಡಭಾಗ ಇರಲಿಲ್ಲ. ಬಲಕ್ಕಿದ್ದ ಹಾಗೆಯೇ ಎಡಕ್ಕೂ ಇದ್ದಿರಬೇಕಲ್ಲ ಎಂದು ನಾನು ಪೂರ್ತಿ ಕಮಾನು ಬರೆದೆ. ದುರಸ್ತಿಗೆ ಬಂದಿದ್ದ ಗಾರೆ ಕೆಲಸದ ಗೌಸ್ ಸಾಬರು ನನ್ನ ಹಾಳೆಯನ್ನೂ ಗೋರಿಯನ್ನೂ ಎರಡು ಸಲ ನೋಡಿದರು.

"ಸಾರ್, ಈ ಕಲ್ಲು ಕಹಾಂ ಹೈ?"

"ಬಿದ್ದುಹೋಗಿದೆ ಸಾಬ್. ಆದ್ರೆ ಇದ್ದಿರ್ಲೇಬೇಕು."

"ಹೌದಾ?" ಎಂದು ಸಾಬರು ಬಾಯಿ ತೆರೆದು ಬೆರಳಿಟ್ಟು ತೋರಿಸಿದರು. "ನಮ್ದುಕೆ ಇಲ್ಲಿ ಎಲ್ಡು ಹಲ್ಲು ಬಿದ್ದೋಗೈತೆ. ಫೋಟೋ ಹಿಡಿಯೋವಾಗ ನೀವೇ ಹಾಕ್ಬುಡ್ರಿ. ಇದ್ದಿರ್ಲೇಬೇಕಲ್ಲ!"

ಅಂದು ಎಡಭಾಗವನ್ನು ರಬ್ಬರಿನಿಂದ ಒರೆಸಿದೆ. ಖಾತ್ರಿಯಾಗಿ ಕಾಣದ್ದನ್ನು ಬರೆಯಬಾರದು ಎಂಬುದು ನನ್ನ ನಿಯಮವಾಯಿತು. ಒಳ್ಳೆಯ ನಿಯಮ. ಅದನ್ನು ನಾನು ಯಾವುದಕ್ಕೆ ಬಳಸಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕೊರಟಗೆರೆ ಕಡೆ ಗಂಗಣ್ಣ ಎಂಬ ರೈತನಿಗೆ ಹೊಂಡ ತೋಡುವಾಗ ದಪ್ಪನೆಯ ಮೂಳೆಯೊಂದು ಸಿಕ್ಕಿತು. ನಾವು ಹೋಗುವಷ್ಟರಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮರದ ಕೆಳಗೆ ಮಣೆ ಹಾಕಿ ಕೂರಿಸಿದ್ದರು. ಭೀಮ ಕೊಂದ ರಾಕ್ಷಸನ ತೊಡೆ ಎಂದು ಊರು ತೀರ್ಮಾನಿಸಿತ್ತು. ನಮ್ಮ ಸಾಹೇಬರು ಕನ್ನಡಕ ಏರಿಸಿ ನೋಡಿ, "ತೊಡೆ ಹೌದು. ಎಮ್ಮೆದು" ಎಂದರು.

ಗಂಗಣ್ಣ ಒಪ್ಪಲಿಲ್ಲ. "ಸಾರ್, ನಮ್ ತಾತನ ಕಾಲ್ದಿಂದ್ಲೂ ಎಮ್ಮೆ ಸಾಕೀವಿ. ಇಷ್ಟು ಗಾತ್ರದ ಕಾಲಿನ್ ಎಮ್ಮೆ ನಾ ಕಂಡಿಲ್ಲ."

"ಮಾಂಸ ಇದ್ದಾಗ ಮೂಳೆ ಕಾಣಲ್ಲಪ್ಪ."

"ಅದೆಲ್ಲ ಸರಿ ಸಾರ್. ಊರೋರು ಆಗ್ಲೇ ಹದಿನೈದ್ ಕಾಯಿ ಒಡ್ದವ್ರೆ. ಈಗ ನಾನು ಎಮ್ಮೆ ಅಂತ ಹೋಗಿ ಎಂಗ್ ಹೇಳ್ಲಿ?"

ಸಾಹೇಬರು ಎರಡು ಸಾಲು ಬರೆದುಕೊಟ್ಟರು. ಗಂಗಣ್ಣ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ. ಯಾರಿಗೂ ತೋರಿಸಲಿಲ್ಲ ಎಂದು ಆಮೇಲೆ ತಿಳಿಯಿತು. ಎಮ್ಮೆಗೆ ಎಷ್ಟೋ ದಿನ ಪೂಜೆ ನಡೆಯಿತು. ಜೀಪಿನಲ್ಲಿ ಮಧುಗಿರಿಗೆ ಬರುವವರೆಗೂ ನಾವೆಲ್ಲ ಇದನ್ನೇ ಹೇಳಿಕೊಂಡು ನಕ್ಕೆವು. ಜನ ಮೊದಲು ನಂಬಿ ಆಮೇಲೆ ಮೂಳೆ ನೋಡುತ್ತಾರೆ ಎಂದು ಸಾಹೇಬರು ಹೇಳಿದರು. ನಾನು ಹೌದು ಸಾರ್ ಎಂದೆ.

ಅದಾದ ಮುಂದಿನ ಬೇಸಿಗೆಯಲ್ಲೇ ಬೂದಿಗವಿಯ ಅಗೆತ ಶುರುವಾಯಿತು. ಬೂದಿಗವಿ ಪಾವಗಡದ ಆಚೆ, ನಾಗಲಮಡಿಕೆ ಕಡೆಯ ಗುಡ್ಡಗಳಲ್ಲಿದೆ. ಗವಿ ಎಂದರೆ ಒಳಗೆ ಹೋಗುತ್ತಲೇ ಇರುವ ಗವಿಯಲ್ಲ. ದೊಡ್ಡ ಬಂಡೆಯೊಂದು ಇನ್ನೆರಡು ಬಂಡೆಗಳಿಗೆ ಒರಗಿಕೊಂಡು, ಅಡಿಯಲ್ಲಿ ಮೂವತ್ತು ಜನ ಕೂರುವಷ್ಟು ನೆರಳು ಬಿಟ್ಟಿದೆ. ಫೈಲಿನಲ್ಲಿ ಅದರ ಹೆಸರು ಕಲ್ಲಾಸರೆ ಒಂದು. ಕಲ್ಲಾಸರೆ ಎರಡು ಎಂಬುದು ಯಾವತ್ತೂ ಸಿಗಲಿಲ್ಲ.

ಗುಡ್ಡದ ಕೆಳಗೆ ಕುರಿ ಸಾಕುವವರ ಹಟ್ಟಿಯೊಂದಿದೆ. ತಲೆಮಾರುಗಳಿಂದ ಅವರು ಮಳೆಗಾಲದಲ್ಲಿ ಎಳೆಮರಿಗಳನ್ನು ಗವಿಯಲ್ಲಿ ಕೂಡುತ್ತಿದ್ದರು. ಹಿಕ್ಕೆ ಒಣಗಿ, ಚಳಿಗೆ ಬೆಂಕಿ ಹಾಕಿ, ನೆಲದ ಮೇಲೆ ಮೊಣಕಾಲುದ್ದ ಬೂದಿ ಕೂತಿತ್ತು. ನಾವು ಅಗೆಯುವುದು ಬೇಸಿಗೆಯಲ್ಲಿ. ಮಳೆಯಲ್ಲಿ ಗುಂಡಿಗೆ ನೀರು ನಿಲ್ಲುತ್ತದೆ. ಹಟ್ಟಿಯವರು ಕುರಿ ಹೊಡೆದುಕೊಂಡು ಮೇವಿರುವ ಸೀಮೆಗೆ ಹೋಗುವುದೂ ಬೇಸಿಗೆಯಲ್ಲೇ. ಹೀಗಾಗಿ ನಾವು ಬಂದಾಗ ಹಟ್ಟಿಯಲ್ಲಿ ಕಣ್ಣು ಮಂಜಾದ ಒಬ್ಬ ಅಜ್ಜ ಮತ್ತು ಒಂದು ನಾಯಿ ಮಾತ್ರ ಇದ್ದವು. ಅಜ್ಜ, "ಬಂಗಾರ ಐತಾ?" ಎಂದು ಕೇಳಿದ. ಇಲ್ಲ ಎಂದೆವು. "ಅಂಗಾರೆ ಯಾಕ್ ಅಗೀತೀರಿ" ಎಂದು ಒಳಗೆ ಹೋದ. ಹಟ್ಟಿಯವರೊಂದಿಗೆ ಇಲಾಖೆ ನಡೆಸಿದ ಸಮಾಲೋಚನೆ ಇಷ್ಟೇ. ವರದಿಯಲ್ಲಿ ಅದಕ್ಕೆ 'ಸ್ಥಳೀಯರ ಸಹಕಾರ ದೊರೆಯಿತು' ಎಂದು ಬರೆಯಲಾಗಿದೆ.

ಅಗೆಯಲು ಕೊರಟಗೆರೆ ಕಡೆಯಿಂದ ಆಳುಗಳನ್ನು ತಂದಿದ್ದೆವು. ಅವರ ಮೇಸ್ತ್ರಿ ಹನುಮಂತಪ್ಪ. ಹಿಂದೆ ಬಾವಿ ತೋಡುತ್ತಿದ್ದವನು. ನೆಲದಲ್ಲಿ ಮೇಲಿನಿಂದ ಕೆಳಕ್ಕೆ ನಾಲ್ಕು ಪದರ ಸಿಕ್ಕವು: ಹಿಕ್ಕೆ, ಬೂದಿ, ಕೆಂಪು ಮಣ್ಣು, ಸಣ್ಣ ಕಲ್ಲು ಬೆರೆತ ಗರಸು. ನಾಲ್ಕನೆಯದಾದ ಗರಸಿನಲ್ಲಿ ಉಗುರಿನಷ್ಟು ಸಣ್ಣ ಕಲ್ಲಿನ ಅಲಗುಗಳು ಸಿಕ್ಕವು. ಸಾವಿರಾರು ವರ್ಷಗಳ ಹಿಂದೆ ಬೇಟೆಯ ಜನ ಅಲ್ಲಿ ಕೂತು ಒಡೆದು ಮಾಡಿದ ಅಲಗುಗಳು. ಅವು ನಿಜ. ಅಂದೂ ನಿಜ, ಇಂದೂ ನಿಜ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದವರು ಗವಿಯೇ ಸುಳ್ಳು ಎಂದುಕೊಳ್ಳಬಾರದು.

ಒಂದು ಬೆಳಿಗ್ಗೆ ಹನುಮಂತಪ್ಪ ಗುಂಡಿಯೊಳಗಿನಿಂದ ಕೂಗಿದ.

"ಸಾರ್, ಇಲ್ಲಿ ಕರಣೆ ಸುಮ್ಕೆ ಇಳೀತೈತೆ. ಪಕ್ಕದಾಗೆ ಗಟ್ಟಿ, ಇಲ್ಲಿ ಮೆತ್ತಗೆ. ಇದು ಒಂದ್ಸಲ ತೋಡಿ ಮುಚ್ಚಿರೋ ಮಣ್ಣು."

"ಇಲಿ ಬಿಲ ಇರ್ಬೇಕು" ಎಂದರು ಸಾಹೇಬರು.

"ಇಲಿ ಇಷ್ಟ್ ದುಂಡಗೆ ತೋಡಲ್ಲ ಬುಡಿ ಸಾರ್. ಅದ್ಕೇನ್ ಮೇಸ್ತ್ರಿ ಇರ್ತಾನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಧ್ಯಾಹ್ನಕ್ಕೆ ಮುಂಚೆ ಅದೇ ಜಾಗದಲ್ಲಿ, ಗರಸಿನ ಮಟ್ಟದಲ್ಲಿ, ಒಂದು ಪುಟ್ಟ ದವಡೆ ಸಿಕ್ಕಿತು. ಹಲ್ಲು ಇನ್ನೂ ಮೂಳೆಯೊಳಗೇ ಇತ್ತು. ಜೊತೆಗೆ ತಲೆಬುರುಡೆಯ ಎರಡು ಚೂರು, ತೋಳಿನ ಮೂಳೆ, ಒಂದು ಪಕ್ಕೆಲುಬು. ಬೂದಿಯ ಬಣ್ಣ ಹಿಡಿದು ಎಲ್ಲವೂ ಕಪ್ಪಗಿದ್ದವು. ಪಕ್ಕದಲ್ಲೇ ತೂತು ಮಾಡಿದ ಒಂದು ಕವಡೆ.

ಸಾಹೇಬರು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು. ಊಟಕ್ಕೆ ಏಳಲಿಲ್ಲ. "ಕವಡೆ ನೋಡಿ" ಎಂದು ಮೂರು ಸಲ ಹೇಳಿದರು. "ಸಮುದ್ರ ಇಲ್ಲಿಂದ ಎಷ್ಟು ದೂರ! ಆ ಕಾಲದಲ್ಲಿ!" ಅವರು ಸುಳ್ಳುಗಾರರಲ್ಲ. ಇಪ್ಪತ್ತು ವರ್ಷ ಬಿಸಿಲಲ್ಲಿ ಮಡಕೆ ಚೂರು ಆರಿಸಿದ ಮನುಷ್ಯ. ಅವರ ಕಣ್ಣಲ್ಲಿ ಅಂದು ನೀರಿತ್ತು, ನಾನು ನೋಡಿದ್ದೇನೆ.

ಸಂಜೆ ನಾನು ಗುಂಡಿಯ ದಕ್ಷಿಣದ ಗೋಡೆಯ ನಕ್ಷೆ ತೆಗೆದೆ. ಬೂದಿ ಪದರದಿಂದ ಹೊರಟು, ಕೆಂಪು ಮಣ್ಣನ್ನು ಕತ್ತರಿಸಿಕೊಂಡು, ಗರಸಿನವರೆಗೆ ಬಾಗಿ ಇಳಿದ ಒಂದು ತೆಳುವಾದ ಅಂಚು ಕಂಡಿತು. ಕಂಡದ್ದನ್ನು ಚುಕ್ಕಿಗೆರೆಯಲ್ಲಿ ಹಾಕಿದೆ. ಹೊಸಬರಿಗಾಗಿ ಇದರ ಅರ್ಥ ಹೇಳುತ್ತೇನೆ. ಯಾರೋ ಮೇಲಿನಿಂದ ಗುಂಡಿ ತೋಡಿ ಏನನ್ನಾದರೂ ಹೂತರೆ, ಅದು ಹಳೆಯ ಪದರದ ಆಳದಲ್ಲಿ ಕೂರುತ್ತದೆ. ಆದರೆ ಅದರ ವಯಸ್ಸು ಗುಂಡಿ ತೋಡಿದ ದಿನದ್ದು. ಆಳದಲ್ಲಿರುವುದೆಲ್ಲ ಹಳೆಯದಲ್ಲ.

ಸಾಹೇಬರು ಹಾಳೆ ನೋಡಿದರು. "ಇದೇನು ಚುಕ್ಕಿ?"

"ಗುಂಡಿಯ ಅಂಚು ಇರಬಹುದು ಸಾರ್."

"ಇರಬಹುದಾ, ಇದೆಯಾ?"

ನಾನು ಮತ್ತೆ ಗೋಡೆ ನೋಡಿದೆ. ಅಷ್ಟರಲ್ಲಿ ಓರೆ ಬಿಸಿಲು ಹೋಗಿತ್ತು. ಅಂಚು ಕಂಡಂತೆಯೂ ಇತ್ತು, ಕಾಣದಂತೆಯೂ ಇತ್ತು.

"ಗ್ಯಾರಂಟಿ ಇಲ್ಲ ಸಾರ್."

"ಖಾತ್ರಿ ಇಲ್ಲದ್ದನ್ನ ಬರೀಬಾರ್ದು ಅಂತ ನೀವೇ ಅಲ್ವಾ ಯಾವಾಗ್ಲೂ ಹೇಳೋದು?"

ಅಳಿಸಿ ಎಂದು ಅವರು ಹೇಳಲಿಲ್ಲ. ಈ ಮಾತನ್ನು ನಾನು ಲಿಖಿತವಾಗಿಯೂ ಕೊಟ್ಟಿದ್ದೇನೆ. ಮರುದಿನ ಬೆಳಿಗ್ಗೆ ಬಿಸಿಲು ಬಂದ ಮೇಲೆ ಇನ್ನೊಮ್ಮೆ ನೋಡುತ್ತೇನೆ ಎನ್ನಬಹುದಿತ್ತು. ಹನುಮಂತಪ್ಪನನ್ನು ಕರೆದು ಕೇಳಬಹುದಿತ್ತು. ನಾನು ರಬ್ಬರ್ ತೆಗೆದುಕೊಂಡೆ.

ಆದಿಮಾನವನ ಮಗು ಸಿಕ್ಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮೂಳೆಯ ಚೂರನ್ನು ಕಾಲನಿರ್ಣಯಕ್ಕೆ 'ಕಳುಹಿಸಲಾಗುವುದು' ಎಂದು ಫೈಲಿನಲ್ಲಿ ಬರೆದರು. ಅದು ಇವತ್ತಿಗೂ ಭವಿಷ್ಯತ್ಕಾಲದಲ್ಲೇ ಇದೆ. ಗವಿಗೆ ತಂತಿಬೇಲಿ ಬಂತು, ರಸ್ತೆ ಬಂತು, ಬೇಲಿಯ ಒಳಗೆ ಒಂದು ಕೊಠಡಿ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ದವಡೆ, ಕವಡೆ. ಗೋಡೆಗೆ ಕೋತಿಯಿಂದ ಮನುಷ್ಯನವರೆಗೆ ಸಾಲಾಗಿ ನಡೆಯುವ ಚಿತ್ರ. ಹಟ್ಟಿಯವರು ವಾಪಸು ಬಂದಾಗ ಮರಿ ಕೂಡಲು ಗವಿ ಇರಲಿಲ್ಲ.

ಕಾಲ ಕಳೆಯಿತು. ಟೇಪು, ತೂಗುಗುಂಡು, ಗ್ರಾಫ್ ಹಾಳೆ ಹೋಗಿ, ಮೂರು ಕಾಲಿನ ಯಂತ್ರ ಬಂತು. ಆಮೇಲೆ ಮೇಲೆ ಹಾರುವ ಯಂತ್ರವೂ ಬಂತು. ನಾನು ಎರಡು ದಿನದಲ್ಲಿ ತೆಗೆಯುತ್ತಿದ್ದ ನಕ್ಷೆಯನ್ನು ಅದು ನಾನು ಟೀ ಕುಡಿದು ಬರುವಷ್ಟರಲ್ಲಿ ತೆಗೆಯುತ್ತಿತ್ತು. ನನ್ನನ್ನು ಏನು ಮಾಡುವುದೆಂದು ತಿಳಿಯದೆ ಬೂದಿಗವಿಗೆ ವಿವರಣೆ ಕೊಡುವವನಾಗಿ ಹಾಕಿದರು. ಜೀವನವಿಡೀ ಗೆರೆ ಎಳೆದವನಿಗೆ ಕೊನೆಯ ಆರು ವರ್ಷ ಮಾತಾಡುವ ಕೆಲಸ.

ಮಧುಗಿರಿ, ಸಿರಾ, ಹಿಂದೂಪುರ ಕಡೆಯಿಂದಲೂ ಶಾಲೆ ಬಸ್ಸುಗಳು ಬರುತ್ತಿದ್ದವು. ಗುಡ್ಡದ ಮೇಲಿಂದ ರಾಯಚರ್ಲು, ಬಲಸಮುದ್ರದ ಕಡೆಯ ಸೋಲಾರ್ ಫಲಕಗಳು ಕಾಣುತ್ತವೆ. ಮೇಷ್ಟರುಗಳು ಮೊದಲು ಅದು ಯಾವ ಕೆರೆ ಎಂದು ಕೇಳುತ್ತಿದ್ದರು. ಆಮೇಲೆ ಮಕ್ಕಳ ಸರದಿ.

"ಸಾರ್, ಈ ಪಾಪು ಕೋತಿನಾ ಮನುಷ್ಯಾನಾ?"

"ಮನುಷ್ಯ. ನಿನ್ನ ಹಂಗೇ."

"ಇವನು ಕೋತಿನೇ ಸಾರ್" ಎಂದು ಪಕ್ಕದವನು ಹೇಳುತ್ತಿದ್ದ. ಪ್ರತಿ ಬಸ್ಸಿನಲ್ಲೂ ಈ ಇಬ್ಬರು ಇರುತ್ತಿದ್ದರು.

ಮಳೆಗಾಲದ ಆರಂಭದಲ್ಲಿ ಕುರಿ ಹಿಂದಿರುಗಿದ ಮೇಲೆ, ಒಂದು ದಿನ ಬೆಳಿಗ್ಗೆ ಬೇಲಿಯ ಹೊರಗಿನ ಕಲ್ಲಿನ ಮೇಲೆ ಎಲೆಯ ದೊನ್ನೆಯಲ್ಲಿ ಸ್ವಲ್ಪ ಹಾಲು ಇರುತ್ತಿತ್ತು. ಪ್ರತಿ ವರ್ಷವೂ. ಯಾರು ಇಡುತ್ತಾರೆಂದು ನಾನು ವಿಚಾರಿಸಲಿಲ್ಲ. ಬಂದವರಿಗೆ ದೊನ್ನೆ ತೋರಿಸಿ, "ನೋಡಿ, ಇಲ್ಲಿನ ಜನ ಈಗಲೂ ಆದಿಮಾನವನನ್ನು ಪೂಜಿಸುತ್ತಾರೆ. ಎಷ್ಟು ಸಾವಿರ ವರ್ಷದ ನೆನಪು!" ಎನ್ನುತ್ತಿದ್ದೆ. ಮೇಷ್ಟರುಗಳು ಬರೆದುಕೊಳ್ಳುತ್ತಿದ್ದರು. ಕಂಡದ್ದನ್ನು ಮಾತ್ರ ಹೇಳುವವನು ಎಂದು ಹೆಸರು ಮಾಡಿದ ನಾನು ಇದನ್ನು ಆರು ವರ್ಷ ಹೇಳಿದೆ.

ನನ್ನ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಹೊಸ ಅಧಿಕಾರಿ ಪವಿತ್ರಾ ಮೇಡಂ ಬಂದರು. ಸುತ್ತಲಿನ ಹಳ್ಳಿಯವರನ್ನು ಒಂದು ದಿನ ಕರೆದು ಗವಿ ತೋರಿಸಿ ಎಂದರು. ಹಟ್ಟಿಯಿಂದ ಹತ್ತಿಪ್ಪತ್ತು ಜನ ಬಂದರು. ಅವರಲ್ಲಿ ಎಪ್ಪತ್ತು ದಾಟಿದ ಕ್ಯಾತಮ್ಮ ಎಂಬಾಕೆ ಮಗ ಜುಂಜಣ್ಣನ ಕೈ ಹಿಡಿದು ಕೊಠಡಿಗೆ ಬಂದರು. ಗೋಡೆಯ ಕೋತಿಗಳನ್ನು ನೋಡಲಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ನಿಂತರು.

"ಈ ಕವಡೆ ನಿಮ್ಗೆ ಎಲ್ಲಿ ಸಿಗ್ತು?"

ನಾನು ಬಾಯಿಪಾಠ ಒಪ್ಪಿಸಿದೆ. "ಈ ಗವಿಯಲ್ಲೇ ಅವ್ವಾ. ಕವಡೆ ಸಮುದ್ರದ್ದು. ಸಾವಿರಾರು ವರ್ಷದ ಹಿಂದೆ ಇಲ್ಲಿದ್ದ ಜನ ಸಮುದ್ರದ ಕಡೆಯೋರ ಹತ್ರ ತಗೊಂಡಿರಬೇಕು."

"ನಾಗಲಮಡಿಕೆ ಪರ್ಸೇಲಿ ತಗಂಡಿದ್ದು" ಎಂದರು ಕ್ಯಾತಮ್ಮ.

ಜುಂಜಣ್ಣ ನಕ್ಕ. "ಸುಮ್ಕಿರವ್ವೋ. ಕವಡೆ ಎಲ್ಲಾ ಒಂದೇ ತರ ಇರ್ತವೆ."

"ನೀನ್ ಸುಮ್ಕಿರ್ಲಾ. ನೀನಿನ್ನೂ ಹುಟ್ಟಿರ್ಲಿಲ್ಲ." ಅವರು ನನ್ನ ಕಡೆ ತಿರುಗಿದರು. "ಅದನ್ನ ಮಗುಚಿ ನೋಡಪ್ಪ. ಬೆನ್ನಿನಾಗೆ ತೂತಿಂದ ಅಂಚಿನ್ ತಂಕ ಸೀಳು ಬುಟ್ಟಿರ್ತೈತೆ. ನಮ್ ಯಜಮಾನ್ರು ಮೊಳೆ ಕಾಯ್ಸಿ ತೂತು ಹೊಡೆಯಾಕೋಗಿ ಸೀಳಿಸ್ಬುಟ್ರು. ನಿಂಗೆ ಒಂದ್ ಕವಡೆ ತೂತು ಹೊಡ್ಯಕೂ ಬರಲ್ವಾ ಅಂತ ಬೈದಿದ್ದೆ."

ಕವಡೆ ಹತ್ತಿಯ ಮೇಲೆ ಬೆನ್ನು ಕೆಳಗಾಗಿ ಕೂತಿತ್ತು. ಹೊರಗಿನಿಂದ ಬೆನ್ನು ಕಾಣುತ್ತಿರಲಿಲ್ಲ. ಪೆಟ್ಟಿಗೆಯ ಬೀಗದ ಕೈ ನನ್ನ ಬಳಿಯೇ ಇತ್ತು. ತೆಗೆದು ಮಗುಚಿದೆ. ತೂತಿನಿಂದ ಅಂಚಿನವರೆಗೆ ಸೀಳಿತ್ತು. ಅದನ್ನು ನಾನು ಮೊದಲೇ ಬಲ್ಲೆ. ಅಗೆತದ ಪುಸ್ತಕದಲ್ಲಿ ಅದನ್ನು ಬರೆದು, 'ಕಲ್ಲಿನ ಉಳಿಯಿಂದ ಕೊರೆದಾಗ ಆದ ಬಿರುಕು' ಎಂದು ಗುರುತು ಹಾಕಿದ್ದೆ.

ಬಾಣಂತಿಯಾಗಿ ಮೂರು ತಿಂಗಳಿಗೆ ಕೂಸು ಹೋಯಿತು ಎಂದು ಕ್ಯಾತಮ್ಮ ಹೇಳಿದರು. ಅವರ ಮೊದಲ ಹೆರಿಗೆ. ಕವಡೆ ಆ ಕೂಸಿಗೆ ಕಟ್ಟಿದ್ದು. ಹಲ್ಲು ಬರದ ಕೂಸನ್ನು ಅವರಲ್ಲಿ ಗೋರಿ, ಗುರುತು ಏನೂ ಇಲ್ಲದೆ ಮಣ್ಣು ಮಾಡುತ್ತಾರೆ. ಆಮೇಲೆ ಅದರ ಮಾತೆತ್ತುವುದಿಲ್ಲ. ಹೊರಗೆ ಬರೀ ಬಂಡೆ, ನರಿ ಕಾಟ. ಗವಿಯ ಬೂದಿ ಮೆತ್ತಗಿತ್ತು.

"ಮಾರ್ನೆ ದಿನ ಕುರಿ ಹೊಡೀಬೇಕಿತ್ತು. ಮೂರ್ ದಿನ ಕಾಯ್ಕಂಡ್ ನಿಲ್ತೀನಿ ಅಂದ್ರೆ ಕುರಿ ನಿಲ್ತಾವಾ? ಅದ್ಕೆ ಆಳಕ್ಕೆ ಇಕ್ಕಿದ್ವಿ." ಅವರು ಹತ್ತಿಯ ಮೇಲಿನ ದವಡೆಯನ್ನು ನೋಡುತ್ತಲೇ ಇದ್ದರು. "ಬೇಲಿ ಹಾಕಿದಾಗ ಒಳ್ಳೇದೇ ಆತು ಅನ್ಕಂಡೆ. ನರಿ ಬರಲ್ಲ ಅಂತ. ಒಳ್ಗೇ ಅವ್ಳೆ ಅಂತ ಹೊರ್ಗಡೆ ಹಾಲಿಕ್ಕಿ ಹೋಗ್ತಿದ್ದೆ. ನೀವ್ ಎತ್ತೀರಿ ಅಂತ ನಂಗ್ ಗೊತ್ತಿರ್ಲಿಲ್ಲ ಕಣಪ್ಪಾ."

ಜುಂಜಣ್ಣ ಈಗ ನಗುತ್ತಿರಲಿಲ್ಲ. ಪೆಟ್ಟಿಗೆಯ ಮೇಲಿನ ಫಲಕವನ್ನು ತಾಯಿಗೆ ಓದಿ ಹೇಳಿದ: "'ಆದಿಮಾನವ ಬಾಲಕನ ದವಡೆ' ಅಂತ ಬರ್ದವ್ರೆ."

"ಹೆಣ್ಣು" ಎಂದರು ಕ್ಯಾತಮ್ಮ. "ಹೆಣ್ ಕೂಸು. ಅದನ್ನಾರ ಸರ್ಯಾಗ್ ಬರೀಬಾರ್ದಾ?" ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನಮ್ ಕೂಸ್ನ ನಮಗ್ ಕೊಡ್ತೀರಾ? ನಾನಿರೋವಾಗ್ಲೇ ಮಣ್ಣಿಗ್ ಹಾಕ್ಬುಡ್ತೀನಿ. ನಾನ್ ಹೋದ್ಮೇಲೆ ಇವ್ಳು ಯಾರು ಅಂತ ಹೇಳೋರು ಇರಲ್ಲ."

ಹೊರಗೆ ಒಂದು ಶಾಲೆ ಬಸ್ಸು ಬಂದು ನಿಂತಿತು. ಅಂದು ನಾನು ಮಕ್ಕಳಿಗೆ ಗವಿಯನ್ನು ಮಾತ್ರ ತೋರಿಸಿದೆ. ಕೊಠಡಿಗೆ ಬೀಗ ಹಾಕಿದೆ.

ಪವಿತ್ರಾ ಮೇಡಂಗೆ ಹೇಳಿದೆ. ಅವರು ಪೂರ್ತಿ ಕೇಳಿದರು. "ರಿಜಿಸ್ಟರ್ ಆದ ವಸ್ತು ಸಾರ್. ಬಾಯಿಮಾತಿಗೆ ಕೊಡೋಕೆ ನನಗೂ ಅಧಿಕಾರ ಇಲ್ಲ. ನೀವು ಬರವಣಿಗೆಯಲ್ಲಿ ಕೊಡ್ತೀರಾ?"

ಕಚೇರಿಯಲ್ಲಿ ನನ್ನ ಜೊತೆಯವರು ಬೇರೆ ಹೇಳಿದರು. "ಇನ್ನು ನಾಲ್ಕ್ ತಿಂಗ್ಳು. ಹಾರ ಹಾಕಿಸ್ಕೊಂಡು ಹೋಗೋದ್ ಬಿಟ್ಟು, ಈಗ್ಯಾಕ್ ಸ್ವಾಮಿ ನಿಮ್ಗೆ? ಆ ಮಗುನಿಂದ್ಲೇ ಅಲ್ವಾ ಆ ರಸ್ತೆ ಬಂದಿದ್ದು?" ಇದೂ ನಿಜವೇ. ರಸ್ತೆಯಿಂದ ಹಟ್ಟಿಗೂ ಬಸ್ಸು ಬಂದಿತ್ತು. ನಾನು ಒಂದು ವಾರ ಬರೆಯಲಿಲ್ಲ. ರಸ್ತೆಗಾಗಿ ಅಲ್ಲ, ಹಾರಕ್ಕಾಗಿ.

ಎಂಟನೆಯ ದಿನ ಹಳೆಯ ನಕ್ಷೆಗಳ ತಗಡಿನ ಕೊಳವೆ ತೆಗೆಸಿದೆ. ದಕ್ಷಿಣ ಗೋಡೆಯ ಪೆನ್ಸಿಲ್ ಹಾಳೆ ಸಿಕ್ಕಿತು. ನಾನು ಗಟ್ಟಿ ಪೆನ್ಸಿಲ್ ಬಳಸುತ್ತಿದ್ದವನು. ಗೆರೆ ಅಳಿಸಿದರೂ ಕಾಗದದಲ್ಲಿ ಕೊರೆದ ಗುರುತು ಉಳಿಯುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಬೂದಿಯಿಂದ ಗರಸಿನವರೆಗೆ ಒಂದೊಂದು ಚುಕ್ಕಿಯೂ ಇತ್ತು.

ಹಳೆಯ ಸಾಹೇಬರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಎಲ್ಲ ಕೇಳಿ, "ಆ ಗೆರೆ ಅಳಿಸಿ ಅಂತ ನಾನು ಹೇಳಿದ್ನಾ?" ಎಂದು ಕೇಳಿದರು.

"ಇಲ್ಲ ಸಾರ್. ಇದೆಯಾ ಅಂತ ಕೇಳಿದ್ರಿ. ನಾನು ಅಳಿಸಿದೆ."

"ನನಗೆ ಅದು ಇರೋದು ಬೇಡವಾಗಿತ್ತು ಕಣ್ರೀ. ಅದನ್ನೂ ಬರೀರಿ" ಎಂದರು. ಬರೆದೆ.

ಮೇಡಂ ಮೂಳೆಗಳನ್ನು ಒಬ್ಬ ತಜ್ಞರಿಗೆ ತೋರಿಸಿದರು. ಇವು ಸಾವಿರಾರು ವರ್ಷದವಲ್ಲ ಎಂದು ಹೇಳಲು ಅವರಿಗೆ ಅರ್ಧ ಗಂಟೆ ಸಾಕಾಯಿತು. ಇಷ್ಟು ವರ್ಷ ಆ ಅರ್ಧ ಗಂಟೆ ಯಾರಿಗೂ ಸಿಕ್ಕಿರಲಿಲ್ಲ. ಆದರೆ ಕಡತ ಮೇಲಕ್ಕೆ ಹೋಗಿ ಕೆಳಗೆ ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಒಂದು ಪತ್ರದಲ್ಲಿ, ವಾರಸುದಾರರು ವಸ್ತುವಿನೊಂದಿಗಿನ ಸಂಬಂಧಕ್ಕೆ ದಾಖಲೆ ಒದಗಿಸಬೇಕು ಎಂದಿತ್ತು. ಜುಂಜಣ್ಣ ಅದನ್ನು ಓದಿ, "ಆಧಾರ್ ಕಾರ್ಡ್ ಮಾಡ್ಸೋಕೆ ಅಕ್ಕ ಬದುಕಿರ್ಲಿಲ್ವಲ್ಲಾ ಸಾರ್" ಎಂದ. ಕೊನೆಗೆ ನನ್ನ ಹೇಳಿಕೆ ಮತ್ತು ಕವಡೆಯ ಸೀಳನ್ನೇ ದಾಖಲೆ ಎಂದು ಒಪ್ಪಿಕೊಂಡರು. ಈ ನಡುವೆ ನಾನು ನಿವೃತ್ತನಾದೆ. ಹಾರ ಹಾಕಿದರು, ಯಾರೂ ಭಾಷಣ ಮಾಡಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಮೇಡಂ ಫೋನ್ ಮಾಡಿದರು. ಆದೇಶ ಬಂದಿದೆ, ಆದರೆ ಕ್ಯಾತಮ್ಮ ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತಾರಂತೆ ಎಂದರು. ಹೋದೆ. ಕೊಠಡಿಯಲ್ಲಿ ಮೇಡಂ, ಕ್ಯಾತಮ್ಮ, ಜುಂಜಣ್ಣ ಇದ್ದರು. ಮೂಳೆಗಳನ್ನು ಒಂದು ಬಿಳಿ ಬಟ್ಟೆಯಲ್ಲಿ ಇಟ್ಟಿದ್ದರು. ಹೆಬ್ಬೆಟ್ಟು ಒತ್ತುವ ಮೊದಲು ಕ್ಯಾತಮ್ಮ ಕಾಗದವನ್ನು ನನ್ನ ಕಡೆ ನೂಕಿದರು.

"ಏನಂತ ಬರ್ದೈತೆ? ನೀನ್ ಓದು."

ಸರ್ಕಾರದ ರಿಜಿಸ್ಟರಿನಿಂದ ಒಂದು ವಸ್ತುವನ್ನು ಬಿಡಿಸಬೇಕಾದರೆ ಅದಕ್ಕೆ ಒಂದೇ ಮಾತಿದೆ. ಮೇಡಂ ನೆಲ ನೋಡಿದರು. ನಾನು ಇದ್ದದ್ದನ್ನು ಇದ್ದಂತೆ ಓದಿದೆ. "'ಪುರಾತತ್ವ ಮೌಲ್ಯವಿಲ್ಲದ ಮೂಳೆ ತುಣುಕುಗಳು, ಐದು. ಮೌಲ್ಯವಿಲ್ಲದ ಕವಡೆ, ಒಂದು.'"

"ಅಂದ್ರೆ?"

"ಅಂದ್ರೆ... ಇಲಾಖೆಗೆ ಇದರಿಂದ ಉಪಯೋಗ ಇಲ್ಲ ಅಂತ ಅವ್ವಾ."

"ಸರ್ಯಾಗೈತೆ" ಎಂದು ಹೆಬ್ಬೆಟ್ಟು ಒತ್ತಿದರು. ಆಮೇಲೆ ಬಟ್ಟೆ ಬಿಚ್ಚಿ ಒಂದೊಂದನ್ನೂ ಬೆರಳಿಂದ ಮುಟ್ಟಿ ಎಣಿಸಿದರು. ಮತ್ತೆ ಎಣಿಸಿದರು. "ಐದೇ ಅವೆ. ಉಳಿದಿದ್ದು?"

ಮೇಡಂ ಕಾಗದವನ್ನು ಮತ್ತೆ ನೋಡಿದರು.

"ಕೂಸಿಗೆ ಐದೇ ಮೂಳೆ ಇರ್ತಾವಾ? ಉಳಿದಿದ್ ಎಲ್ಲಪ್ಪಾ?"

ಇದಕ್ಕೆ ಉತ್ತರ ಗೊತ್ತಿದ್ದವನು ಆ ಕೊಠಡಿಯಲ್ಲಿ ನಾನೊಬ್ಬನೇ. ಅಂದು ಅಗೆದ ಮಣ್ಣನ್ನು ಜರಡಿ ಹಿಡಿದಿದ್ದೆವು. ಚೆನ್ನಾಗಿದ್ದ ಐದು ತುಣುಕುಗಳನ್ನು ಇಟ್ಟುಕೊಂಡು, ಪುಡಿಯಾಗಿದ್ದವನ್ನೂ ಸಣ್ಣವನ್ನೂ ಮಣ್ಣಿನ ಜೊತೆ ಹೊರಗೆ ಸುರಿದಿದ್ದೆವು. ಕವಡೆಗೆ ಸುತ್ತಿಕೊಂಡಿದ್ದ ಕರಿ ಉಣ್ಣೆ ದಾರದ ತುಂಡು ಕೂಡ ಅಲ್ಲಿಗೇ ಹೋಯಿತು. ಅದು ಹೊಸದು, ಮೇಲಿನಿಂದ ಬಿದ್ದದ್ದು ಎಂದು ತೀರ್ಮಾನಿಸಿದ್ದೆವು. ಗುಡ್ಡೆಯಾಗಿದ್ದ ಆ ಮಣ್ಣನ್ನು ರಸ್ತೆ ಬಂದ ವರ್ಷ ಬೇಲಿಯ ಹೊರಗೆ ಹರಡಿ, ಸಮ ಮಾಡಿ, ಬಸ್ಸು ನಿಲ್ಲಿಸುವ ಜಾಗ ಮಾಡಿದರು. ಎಲ್ಲಿಂದ ಎಲ್ಲಿಯವರೆಗೆ ಹರಡಬೇಕೆಂದು ಸುಣ್ಣದ ಗೆರೆ ಎಳೆದುಕೊಟ್ಟವನು ನಾನು.

ಇದನ್ನೆಲ್ಲ ಹೇಳಿದೆ, ಸುಣ್ಣದ ಗೆರೆಯನ್ನೂ ಸೇರಿಸಿ. ಜುಂಜಣ್ಣ ಎದ್ದು ಹೊರಗೆ ಹೋದ. ಕ್ಯಾತಮ್ಮ ಬಟ್ಟೆಯನ್ನು ಮಡಚಿ ಗಂಟು ಹಾಕಿದರು.

"ಆ ಜಾಗ ತೋರ್ಸು."

ತೋರಿಸಿದೆ. ನಾಲ್ಕು ಬಸ್ಸು ನಿಲ್ಲುವಷ್ಟು ಅಗಲದ ನೆಲ. ಅಂದು ಒಂದೇ ಬಸ್ಸಿತ್ತು. ಹಿಂದೂಪುರ ಕಡೆಯ ಯಾವುದೋ ಶಾಲೆಯದು. ಮಕ್ಕಳು ಗವಿಗೆ ಹೋಗಿದ್ದರು. ಗುಡ್ಡೆ ಇದ್ದದ್ದು ಬಸ್ಸು ನಿಂತ ಕಡೆ. ಜುಂಜಣ್ಣ ಹಟ್ಟಿಯ ಕೆಳಗೆ ಮೊದಲೇ ಗುಂಡಿ ತೋಡಿಸಿ ಇಟ್ಟಿದ್ದ. ಅಲ್ಲಿಗೆ ಹೋಗೋಣ ಎಂದು ತಾಯಿಯ ಕೈ ಹಿಡಿದ. ಅವರು ಕೈ ಬಿಡಿಸಿಕೊಂಡರು.

"ಎಲ್ಡು ಕಡೆ ಯಾಕಿರ್ಬೇಕ್ಲಾ ಅವ್ಳು? ಇಲ್ಲೇ ಆಗ್ಲಿ."

"ಅವ್ವಾ, ಇಲ್ಲಿ ಬಸ್ ಹತ್ತಿಳೀತವೆ ಕಣವ್ವಾ."

"ಇಷ್ಟ್ ವರ್ಷ್ವೂ ಹತ್ತಿಳ್ದವೆ."

ಮೇಡಂ ನನ್ನನ್ನು ನೋಡಿದರು. ಸರ್ಕಾರಿ ಜಾಗದಲ್ಲಿ ಹೂಳಲು ಅನುಮತಿ ಬೇಕು. ಅದಕ್ಕೆ ಇನ್ನೊಂದು ಕಡತ. ಅವರು ಕೊಠಡಿಗೆ ಹೋಗಿ ಸನಿಕೆ ತಂದು ನನ್ನ ಕೈಗೆ ಕೊಟ್ಟರು. ಬಾಗಿಲ ಬಳಿಯ ಕಾವಲಿನವನಿಗೆ, ಇವತ್ತಿನಿಂದ ಈ ಅರ್ಧಕ್ಕೆ ಹಗ್ಗ ಕಟ್ಟು, ಬಸ್ಸು ಆ ಕಡೆ ನಿಲ್ಲಲಿ ಎಂದರು.

ಡ್ರೈವರ್ ಸೀಟಿನಲ್ಲೇ ಮಲಗಿದ್ದ. ನಾನು ಕಿಟಕಿ ತಟ್ಟಿ, ಗಾಡಿ ಹಿಂದಕ್ಕೆ ತಗೋಬೇಕು ಎಂದೆ. ಯಾಕೆ ಎಂದು ತೆಲುಗಿನಲ್ಲಿ ಗೊಣಗುತ್ತ ಎದ್ದವನು, ಗಂಟು ಹಿಡಿದು ಬಸ್ಸಿನ ಮುಂದೆ ನಿಂತಿದ್ದ ಕ್ಯಾತಮ್ಮನನ್ನು ನೋಡಿದ. ಗಾಡಿ ಶುರು ಮಾಡಿ ನಿಧಾನವಾಗಿ ಹಿಂದಕ್ಕೆ ತೆಗೆದ. ಕ್ಯಾತಮ್ಮ ಚಕ್ರದ ಗುರುತಿನ ಮೇಲೆ ನಡೆದುಕೊಂಡು ಹೋಗಿ, ನಡುವೆ ನಿಂತು, ಪಾದದಿಂದ ನೆಲ ಮುಟ್ಟಿ ನೋಡಿದರು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಚಾಲಾ ಅವ್ವಾ?"

"ಸಾಲ್ದು ಕಣಪ್ಪ" ಎಂದರು ಕ್ಯಾತಮ್ಮ. "ಇನ್ನೊಂಚೂರು."